ಬೆಳಕನ್ನು ಕಾಣದೆ ಹೋದ ದಿವಾನರು

ಸರ್ ಕೆ. ಶೇಷಾದ್ರಿ ಅಯ್ಯರ್ ಅವರನ್ನು ಬೆಂಗಳೂರಿನವರು ಶೇಷಾದ್ರಿಪುರದಿಂದಲೂ ಕಬ್ಬನ್ ಉದ್ಯಾನದ ಪ್ರತಿಮೆಯಿಂದಲೂ ಬಲ್ಲರು. ಆ ಪ್ರತಿಮೆಯ ಹಿಂದಿನ ಮನುಷ್ಯನನ್ನು ಬಲ್ಲವರು ವಿರಳ. ಪಾಲಘಾಟಿನ ಕಡೆಯ ಮನೆತನದಲ್ಲಿ 1845ರಲ್ಲಿ ಜನಿಸಿದ ಅವರು 1868ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. 1883ರಲ್ಲಿ ರಂಗಾಚಾರ್ಲು ಅವರು ತೀರಿಕೊಂಡ ಮೇಲೆ ದಿವಾನರಾದರು. ಹದಿನೆಂಟು ವರ್ಷಗಳ ಆ ಅಧಿಕಾರದಲ್ಲಿ ಮದರಾಸಿನವರಿಗೆ ಮಣೆ ಹಾಕಿದರೆಂಬ ಆಕ್ಷೇಪವೂ ಬೆಳೆಯಿತು. ಅದನ್ನು ಕೇವಲ ಅಸೂಯೆಯೆಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಆದರೆ ಹೆಸರಘಟ್ಟದ ನೀರನ್ನು ನಗರಕ್ಕೆ ತಂದವರೂ ಅವರೇ.

ಅವರ ಅತಿ ದೊಡ್ಡ ಸಾಹಸ ಶಿವನಸಮುದ್ರದ್ದು. ಕಾವೇರಿಯ ಜಲಪಾತದಿಂದ ವಿದ್ಯುತ್ತನ್ನು ಪಡೆದು ಕೋಲಾರದ ಚಿನ್ನದ ಗಣಿಗಳಿಗೆ ಸಾಗಿಸುವ ಯೋಜನೆಯನ್ನು ಎಂಜಿನಿಯರ್ ಜೋಲಿ ದ ಲಾಟ್ಬಿನಿಯರ್ ಮುಂದಿಟ್ಟರು. ದೂರ 92 ಮೈಲಿ! ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ತಂತಿಮಾರ್ಗಗಳಲ್ಲಿ ಅದೊಂದು. ಹಳ್ಳಿಗರಿಗೆ ಹರಳೆಣ್ಣೆಯ ದೀಪವೇ ಗತಿಯಾಗಿದ್ದ ನಾಡಿನಲ್ಲಿ ಇಂಥ ಸಾಹಸಕ್ಕೆ ಖಜಾನೆಯ ಹಣವನ್ನು ತೊಡಗಿಸುವುದೆಂದರೆ ದಿವಾನನೊಬ್ಬನ ಕೀರ್ತಿಯನ್ನೇ ಪಣವಾಗಿಡುವುದು.

ತಂತಿಯೊಳಗಿನ ಗತಿ ಕಣ್ಣಿಗೆ ಕಾಣುವುದಿಲ್ಲ. ದಾರಿಯಲ್ಲಿ ಎಷ್ಟು ಶಕ್ತಿ ಶಾಖವಾಗಿ ಸೋರಿತು, ಒತ್ತಡ ಎಲ್ಲಿ ಕುಗ್ಗಿತು ಎಂಬುದನ್ನು ಕೆಲವೇ ಮಾಪಕಗಳ ಸೂಚನೆಯಿಂದ ಲೆಕ್ಕ ಹಾಕಿಯೇ ತಿಳಿಯಬೇಕು. ಈ ಅಂದಾಜನ್ನು ವ್ಯವಸ್ಥಿತ ಗಣಿತವಾಗಿಸಿದ ಲೇಖನಗಳನ್ನು ಅಮೆರಿಕದ ಫ್ರೆಡ್ ಶ್ವೆಪ್ಪೆ ಪ್ರಕಟಿಸಿದ್ದು 1970ರಲ್ಲಿ: ಅಳತೆಗಳೆಲ್ಲವನ್ನೂ ಸಮನಾಗಿ ನಂಬದೆ, ವಿಶ್ವಾಸಾರ್ಹವಾದುದಕ್ಕೆ ಹೆಚ್ಚು ತೂಕ ಕೊಟ್ಟು, ತಪ್ಪು ಸೂಚನೆಯನ್ನು ಗುರುತಿಸಿ, ಇಡೀ ಜಾಲದ ಸ್ಥಿತಿಯನ್ನು ನಿರ್ಣಯಿಸುವುದು. ಹಳೆಯ ಓಲೆಗಳ ಪಾಠಾಂತರಗಳನ್ನು ತೂಗಿ ಮೂಲಪಾಠವನ್ನು ಊಹಿಸುವ ನಮ್ಮ ಸಂಪಾದಕರ ಕೆಲಸಕ್ಕೆ ಇದು ಹತ್ತಿರದ ನೆಂಟ. ನಾನು ವಾಸಿಸುವ ಹೆಬ್ಬಾಳದಂಥ ಬಡಾವಣೆಗಳ ವಿತರಣಾ ಜಾಲದಲ್ಲಿ ಈ ನಿರ್ಣಯ ಇನ್ನೂ ಕಠಿಣ: ಕವಲುಗಳು ಅಸಂಖ್ಯ, ನಡುದಾರಿಯ ಮಾಪಕಗಳು ವಿರಳ.

ಅನಾರೋಗ್ಯದಿಂದ ಅಯ್ಯರ್ 1901ರಲ್ಲಿ ಪದವಿಯನ್ನು ತ್ಯಜಿಸಿದರು. ಅದೇ ಸೆಪ್ಟೆಂಬರಿನಲ್ಲಿ ತೀರಿಕೊಂಡರು. 1902ರ ಜೂನ್‌ನಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರವನ್ನು ಮುಟ್ಟಿತು. ಮೊದಲ ಫಲ ಆಂಗ್ಲರ ಗಣಿಗಳಿಗೆ ಸಂದಿತು. ಕಾವೇರಿ ನಮ್ಮದು, ಚಿನ್ನವೂ ನಮ್ಮ ನೆಲದ್ದು ಎಂಬುದು ವಿದ್ಯಾರ್ಥಿಗಳ ಗಮನಕ್ಕೆ ಬರಬೇಕು. ಗಣಿಗಳು ಕೊಟ್ಟ ಹಣ ಸಂಸ್ಥಾನದ ಬೊಕ್ಕಸಕ್ಕೆ ಬಂದುದೂ ಅಷ್ಟೇ ನಿಜ. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದ್ದು 1905ರ ಆಗಸ್ಟ್‌ನಲ್ಲಿ. ಅಷ್ಟರಲ್ಲಿ ದಿವಾನರು ಗತಿಸಿ ನಾಲ್ಕು ವರ್ಷ ತುಂಬುತ್ತ ಬಂದಿತ್ತು.