ನಾಯಕಿ ತಮಿಳು, ನಾಯಕ ತೆಲುಗು

ಪ್ರಾಜೆಕ್ಟ್ ಟೀಮಲ್ಲಿ ಒಬ್ಬ ಪೈಥಾನಲ್ಲಿ, ಇನ್ನೊಬ್ಬ ಜಾವಾದಲ್ಲಿ ಕೋಡ್ ಬರೆದು, ಕೊನೇ ದಿನ ಎಲ್ಲಾ ಸೇರಿಸೋಕೆ ಕೂತ್ರೆ ಹೇಗಿರುತ್ತೆ? 1931ರಲ್ಲಿ ಒಂದು ಸಿನಿಮಾ ಹೆಚ್ಚುಕಮ್ಮಿ ಹಾಗೇ ತಯಾರಾಯ್ತು. ಅದೂ ಓಡಿತು! ಹೆಸರು ‘ಕಾಳಿದಾಸ್’. ತಮಿಳಿನ ಮೊದಲ ಟಾಕಿ ಅಂತ ಹೇಳೋದು ಇದನ್ನೇ. ಆದರೆ ನಾಯಕ ಪಿ. ಜಿ. ವೆಂಕಟೇಶನ್ ಮಾತಾಡಿದ್ದು ತೆಲುಗು, ಕೆಲವು ಸಣ್ಣ ಪಾತ್ರಗಳದ್ದು ಹಿಂದಿ. ತಮಿಳು ಮಾತಾಡಿದ್ದು ನಾಯಕಿ ಟಿ. ಪಿ. ರಾಜಲಕ್ಷ್ಮಿ. ಆಗ ಅವರಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ, ಅಂದ್ರೆ ನನ್ನದೇ ವಯಸ್ಸು.

ಹುಟ್ಟಿದ್ದು 1911ರಲ್ಲಿ, ತಂಜಾವೂರಿನ ಹತ್ತಿರದ ತಿರುವಯ್ಯಾರು ಕಡೆ. ಆಟ ಆಡೋ ವಯಸ್ಸಲ್ಲೇ ಮದುವೆ ಮಾಡಿದರು. ವರದಕ್ಷಿಣೆ ವಿಷಯಕ್ಕೆ ಗಂಡನ ಮನೆಯವರು ವಾಪಸ್ ಕಳಿಸಿದರು. ಅಪ್ಪನೂ ತೀರಿಕೊಂಡರು. ತಾಯಿ ಮಗಳು ತಿರುಚ್ಚಿಗೆ ಬಂದರು. ಹುಡುಗಿಗೆ ಒಳ್ಳೇ ಕಂಠ ಇತ್ತು, ಒಮ್ಮೆ ಕೇಳಿದ ಹಾಡು ಮರೀತಿರಲಿಲ್ಲ. ನಾಟಕ ಕಂಪನಿ ಸೇರಿದರು. ಬ್ರಾಹ್ಮಣರ ಮನೆಯ ಹುಡುಗಿ ಸ್ಟೇಜ್ ಹತ್ತೋದು ಅಂದ್ರೆ ಆ ಕಾಲದಲ್ಲಿ ಸಂಬಂಧಿಕರು ಬಾಗಿಲು ಮುಚ್ಚಿಬಿಡೋ ವಿಷಯ. ಆದರೆ ಮನೆ ನಡೀಬೇಕಿತ್ತಲ್ಲ.

ಸಿನಿಮಾ ತೆಗೆದದ್ದು ಮದ್ರಾಸಲ್ಲಿ ಅಲ್ಲ, ಬಾಂಬೆಯಲ್ಲಿ. ಅದೇ ವರ್ಷ ಮಾರ್ಚ್‌ನಲ್ಲಿ ‘ಆಲಂ ಆರಾ’ ಬಿಡುಗಡೆ ಮಾಡಿದ್ದ ಅರ್ದೇಶಿರ್ ಇರಾನಿ ಇದಕ್ಕೂ ನಿರ್ಮಾಪಕರು, ಅದರ ಸೆಟ್ಟನ್ನೇ ಇಲ್ಲೂ ಬಳಸಿಕೊಂಡರು. ನಿರ್ದೇಶಕ ಎಚ್. ಎಂ. ರೆಡ್ಡಿ ಬೆಂಗಳೂರಿನಲ್ಲಿ ಓದಿದವರು. ಹಿನ್ನೆಲೆ ಗಾಯನ ಅನ್ನೋದು ಇನ್ನೂ ಬಂದಿರಲಿಲ್ಲ. ಈಗಿನ ಹಾಗೆ ಆಮೇಲೆ ಡಬ್ ಮಾಡ್ಕೊಳ್ಳೋಣ ಅನ್ನೋ ಹಾಗಿಲ್ಲ, ಕ್ಯಾಮೆರಾ ಮುಂದೆ ನಟಿಸ್ತಾನೇ ಹಾಡಬೇಕು. ‘ಆಲಂ ಆರಾ’ದವರು ರೈಲಿನ ಸದ್ದಿಗೆ ಹೆದರಿ ರಾತ್ರಿ ಹೊತ್ತು ಶೂಟಿಂಗ್ ಮಾಡ್ತಿದ್ದರಂತೆ. ಬರೀ ಮುಖ ಚೆನ್ನಾಗಿದ್ರೆ ಸಾಲದು, ಗಂಟಲೂ ಗಟ್ಟಿ ಇರಬೇಕಾದ ಕಾಲ. ನಾಟಕದಲ್ಲಿ ಮೈಕಿಲ್ಲದೆ ಹಾಡಿ ಬೆಳೆದವರಿಗೆ ಅದು ಕಷ್ಟ ಆಗಿರಲಿಕ್ಕಿಲ್ಲ.

ಹಾಡುಗಳಂತೂ ಲೆಕ್ಕವಿಲ್ಲದಷ್ಟು. ತ್ಯಾಗರಾಜರ ಕೃತಿಗಳಿದ್ದವು. ಕಾಳಿದಾಸನ ಕಾಲದ ಕಥೆಯಲ್ಲಿ ಗಾಂಧೀಜಿಯ ಚರಕದ ಹಾಡೂ ಇತ್ತು! ನಗು ಬರುತ್ತೆ, ಆದರೆ ಅದು 1931, ಉಪ್ಪಿನ ಸತ್ಯಾಗ್ರಹ ಆಗಿ ಒಂದೇ ವರ್ಷ. ಜನ ಕೇಳಬೇಕು ಅಂತಿದ್ದದ್ದೇ ಅದನ್ನು.

ಕಥೆಯಲ್ಲಿ ರಾಜಲಕ್ಷ್ಮಿಯವರದ್ದು ರಾಜಕುಮಾರಿ ವಿದ್ಯಾಧರಿಯ ಪಾತ್ರ. ಮಂತ್ರಿ ಮೋಸ ಮಾಡಿ ಅವಳನ್ನು ಒಬ್ಬ ದನ ಕಾಯುವವನಿಗೆ ಕಟ್ಟುತ್ತಾನೆ, ಅವಳು ಕಾಳಿಯ ಮೊರೆ ಹೋಗುತ್ತಾಳೆ. ಗೊತ್ತಿಲ್ಲದ ವಯಸ್ಸಲ್ಲಿ ಮದುವೆಯಾಗಿ ವಾಪಸ್ ಬಂದವರು ಆ ದೃಶ್ಯ ಮಾಡುವಾಗ ಏನು ಅಂದುಕೊಂಡಿರಬಹುದು ಅಂತ ನಾನು ತುಂಬಾ ಸಲ ಯೋಚಿಸಿದ್ದೀನಿ.

ಸಿನಿಮಾದ ರೀಲುಗಳು ಮದ್ರಾಸಿಗೆ ಬಂದಾಗ ಸ್ಟೇಷನ್ನಿಂದ ಥಿಯೇಟರ್ ತನಕ ಜನ ಮೆರವಣಿಗೆ ಮಾಡಿದರು. ಹೂವು ಎರಚಿ, ತೆಂಗಿನಕಾಯಿ ಒಡೆದು, ಕರ್ಪೂರ ಹಚ್ಚಿದರು. ಡಬ್ಬಿಯೊಳಗಿನ ಫಿಲ್ಮಿಗೆ! ಅಕ್ಟೋಬರ್ 31ರಂದು ಕಿನೆಮಾ ಸೆಂಟ್ರಲ್‌ನಲ್ಲಿ ಬಿಡುಗಡೆಯಾಯ್ತು. ತುಟಿಗೂ ಮಾತಿಗೂ ತಾಳೆ ಇಲ್ಲ ಅಂತ ಪತ್ರಿಕೆಯವರು ಬೈದರೂ ಜನ ಮುಗಿಬಿದ್ದರು. ರಾಜಲಕ್ಷ್ಮಿ ‘ಸಿನಿಮಾ ರಾಣಿ’ ಆದರು.

ಅಷ್ಟಕ್ಕೇ ನಿಲ್ಲಲಿಲ್ಲ. 1936ರಲ್ಲಿ ತಾವೇ ಬರೆದ ಕಾದಂಬರಿ ಇಟ್ಟುಕೊಂಡು ‘ಮಿಸ್ ಕಮಲಾ’ ತೆಗೆದರು. ನಿರ್ಮಾಣ, ನಿರ್ದೇಶನ, ನಟನೆ ಮೂರೂ ಅವರದ್ದೇ. ದಕ್ಷಿಣ ಭಾರತದ ಮೊದಲ ಮಹಿಳಾ ನಿರ್ದೇಶಕಿ ಅವರು. ಆಮೇಲೆ ‘ಇಂಡಿಯಾ ತಾಯ್’ ಅಂತ ದೇಶಭಕ್ತಿಯ ಸಿನಿಮಾಕ್ಕೆ ಕೈ ಹಾಕಿದರು, ಸೆನ್ಸಾರ್‌ನವರು ಬಿಡಲಿಲ್ಲ. ಹೆಸರು ಬದಲಾಯಿಸಿ ತೆರೆಗೆ ತರಬೇಕಾಯ್ತು, ದುಡ್ಡು ಕಳೆದುಕೊಂಡರು. ತೀರಿಕೊಂಡಿದ್ದು 1964ರಲ್ಲಿ.

‘ಕಾಳಿದಾಸ್’ ನೋಡೋಣ ಅಂತ ಯೂಟ್ಯೂಬಲ್ಲಿ ಹುಡುಕಬೇಡಿ, ಸಿಗಲ್ಲ. ಒಂದು ಪ್ರಿಂಟೂ ಉಳಿದಿಲ್ಲ. ನಮ್ಮ ಕನ್ನಡದ ‘ಸತಿ ಸುಲೋಚನ’ದ ಗತಿಯೂ ಅದೇ. ಕೆಲವು ಫೋಟೋಗಳಿವೆ. ಅವುಗಳಲ್ಲಿ ಅವರನ್ನು ನೋಡಬಹುದು, ಕೇಳೋಕೆ ಆಗಲ್ಲ.