ಊಟಕ್ಕೂ ಉಸಿರಿಗೂ ಇರುವ ನಂಟು: ಡೊರೊತಿ ಆಂಡರ್ಸನ್ ಕಂಡುಕೊಂಡದ್ದು

ಸಿಸ್ಟಿಕ್ ಫೈಬ್ರೋಸಿಸ್ ಎಂದರೆ ಶ್ವಾಸಕೋಶದ ಕಾಯಿಲೆ, ಶ್ವಾಸಕೋಶ ಕಸಿ ಮಾಡಿಸಿದರೆ ಅದು ವಾಸಿಯಾಗುತ್ತದೆ ಎಂದು ನಾವು ಅಂದುಕೊಳ್ಳುವುದು ಸಹಜ. ಆದರೆ ಕಸಿಯಾದ ಮೇಲೂ ಇವರಲ್ಲಿ ಬಹುತೇಕರು ಪ್ರತಿ ಊಟದ ಜೊತೆ ಜೀರ್ಣಕಿಣ್ವದ ಗುಳಿಗೆ ನುಂಗಲೇಬೇಕು. ಯಾಕೆ ಹೀಗೆ? ಉತ್ತರದ ಮೊದಲ ಎಳೆ ಸಿಕ್ಕಿದ್ದು ನ್ಯೂಯಾರ್ಕಿನ ವೈದ್ಯೆ ಡೊರೊತಿ ಆಂಡರ್ಸನ್ ಅವರಿಗೆ.

ಡೊರೊತಿ ಹುಟ್ಟಿದ್ದು 1901ರಲ್ಲಿ, ಅಮೆರಿಕದ ಉತ್ತರ ಕೆರೊಲಿನಾದಲ್ಲಿ. ಹದಿಮೂರನೇ ವಯಸ್ಸಿಗೆ ತಂದೆ ತೀರಿಕೊಂಡರು. ಕಾಯಿಲೆಯ ತಾಯಿಯನ್ನು ನೋಡಿಕೊಳ್ಳುವ ಹೊಣೆ ಒಬ್ಬಳೇ ಮಗಳ ಮೇಲೆ ಬಿತ್ತು. 1920ರಲ್ಲಿ ತಾಯಿಯೂ ಹೋದರು. ಓದು ನಿಲ್ಲಲಿಲ್ಲ; 1926ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ವೈದ್ಯಕೀಯ ಪದವಿ ಪಡೆದರು. ಶಸ್ತ್ರವೈದ್ಯೆ ಆಗಬೇಕೆಂಬ ಆಸೆಯಿತ್ತು. ಆದರೆ ಹೆಣ್ಣು ಎಂಬ ಕಾರಣಕ್ಕೆ ತರಬೇತಿ ಮುಂದುವರಿಸಲು ಅವಕಾಶ ಸಿಗಲಿಲ್ಲ. ಹಾಗಾಗಿ ರೋಗಶಾಸ್ತ್ರದತ್ತ ತಿರುಗಿ, 1935ರಲ್ಲಿ ನ್ಯೂಯಾರ್ಕಿನ ಬೇಬೀಸ್ ಹಾಸ್ಪಿಟಲ್ ಸೇರಿದರು.

ಅಲ್ಲಿ ಅವರು ಒಂದು ಮಗುವಿನ ಮರಣೋತ್ತರ ಪರೀಕ್ಷೆ ಮಾಡಿದರು. ಮಗು ಸೀಲಿಯಾಕ್ ಎಂಬ ಕರುಳಿನ ಕಾಯಿಲೆಯಿಂದ ಸತ್ತಿದೆ ಎಂದು ದಾಖಲೆಯಲ್ಲಿತ್ತು. ಆದರೆ ಅದರ ಮೇದೋಜ್ಜೀರಕ ಗ್ರಂಥಿ ತುಂಬ ದ್ರವ ತುಂಬಿದ ಗುಳ್ಳೆಗಳು ಮತ್ತು ಗಟ್ಟಿಯಾದ ನಾರು! ಡೊರೊತಿ ಹಳೆಯ ದಾಖಲೆಗಳನ್ನೆಲ್ಲ ಹುಡುಕಿದರು. 49 ಮಕ್ಕಳ ವಿವರ ಒಟ್ಟುಗೂಡಿಸಿ, ಇದು ಬೇರೆಯದೇ ರೋಗವೆಂದು 1938ರಲ್ಲಿ ಪ್ರಕಟಿಸಿದರು. ಆ ಮಕ್ಕಳು ಉಂಡರೂ ಸೊರಗುತ್ತಿದ್ದರು, ಜೊತೆಗೆ ಶ್ವಾಸಕೋಶದ ಸೋಂಕಿನಿಂದ ನರಳುತ್ತಿದ್ದರು. ಎರಡೂ ಒಂದೇ ರೋಗದ ಮುಖಗಳು ಎಂದು ಅವರು ಗುರುತಿಸಿದರು. ಮಗು ಬದುಕಿರುವಾಗಲೇ ಕರುಳಿನ ರಸ ತೆಗೆದು ರೋಗ ಪತ್ತೆ ಮಾಡುವ ಪರೀಕ್ಷೆಯನ್ನೂ ರೂಪಿಸಿದರು.

ಅವರು ಹೇಳಿದ್ದೆಲ್ಲವೂ ಸರಿಯಾಗಿರಲಿಲ್ಲ. ವಿಟಮಿನ್ ಎ ಕೊರತೆಯಿಂದ ಶ್ವಾಸಕೋಶ ಕೆಡುತ್ತದೆ ಎಂದು ಭಾವಿಸಿದ್ದರು. ಕೊಬ್ಬು ಕಡಿಮೆ ಇರುವ ಆಹಾರ ಕೊಡಿಸುತ್ತಿದ್ದರು. ಮುಂದೆ ಕೆನಡಾದ ಟೊರಾಂಟೊ ವೈದ್ಯರು ಕಿಣ್ವದ ಜೊತೆ ಧಾರಾಳವಾಗಿ ಕೊಬ್ಬು ತಿನ್ನಿಸಿದರು. ಕೊಬ್ಬು ಕಡಿಮೆ ತಿನ್ನುತ್ತಿದ್ದ ಬಾಸ್ಟನ್ನಿನ ರೋಗಿಗಳಿಗಿಂತ ಟೊರಾಂಟೊದವರು ಎತ್ತರ ಬೆಳೆದಿದ್ದರು, ಹೆಚ್ಚು ವರ್ಷ ಬದುಕಿದ್ದರು ಎಂದು 1988ರ ಅಧ್ಯಯನ ತೋರಿಸಿತು.

ನಿಜವಾದ ಕಾರಣ 1989ರಲ್ಲಿ ತಿಳಿಯಿತು. ಜೀವಕೋಶಗಳಲ್ಲಿ ಉಪ್ಪು ಸಾಗಿಸುವ ದಾರಿಗೆ ಸಂಬಂಧಿಸಿದ ಒಂದು ಜೀನ್ ಕೆಟ್ಟಿರುತ್ತದೆ. ಅದರಿಂದ ಶ್ವಾಸನಾಳದಲ್ಲಿ ಕಫ ಅಂಟಂಟಾಗುತ್ತದೆ, ಮೇದೋಜ್ಜೀರಕದ ನಾಳ ಕಟ್ಟಿಕೊಳ್ಳುತ್ತದೆ. ಕಿಣ್ವ ಕರುಳಿಗೆ ಇಳಿಯದೆ ಕೊಬ್ಬು ಜೀರ್ಣವಾಗುವುದಿಲ್ಲ.

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ಕಸಿಯಾದ ಶ್ವಾಸಕೋಶದಲ್ಲಿ ಇರುವುದು ದಾನಿಯ ಜೀನ್; ಹಾಗಾಗಿ ಈ ರೋಗ ಅದಕ್ಕೆ ಬರುವುದಿಲ್ಲ. ಆದರೆ ಮೇದೋಜ್ಜೀರಕ, ಕರುಳು ಹಳೆಯವೇ. ಕಿಣ್ವ ತಪ್ಪಿಸಿದರೆ ಎ, ಡಿ, ಇ, ಕೆ ವಿಟಮಿನ್‌ಗಳು ಮೈಗೆ ಹತ್ತುವುದಿಲ್ಲ, ತೂಕ ಇಳಿಯುತ್ತದೆ. ದೇಹ ಹೊಸ ಅಂಗವನ್ನು ತಿರಸ್ಕರಿಸದಂತೆ ಕೊಡುವ ಕೆಲವು ಔಷಧಿಗಳೂ ಸರಿಯಾಗಿ ಹೀರಲ್ಪಡದೆ ಹೋಗಬಹುದು. ಅವೇ ಔಷಧಿಗಳಿಂದ ಸಕ್ಕರೆ ಕಾಯಿಲೆಯ ಅಪಾಯವೂ ಹೆಚ್ಚುತ್ತದೆ. ತೂಕ ತೀರಾ ಕಡಿಮೆಯಿದ್ದರೆ ಉಸಿರಾಟದ ಸ್ನಾಯುಗಳೂ ಸೊರಗುತ್ತವೆ. ಅದಕ್ಕೇ ವೈದ್ಯರು ಕಸಿಗೆ ಮೊದಲೂ ಆಮೇಲೂ ರೋಗಿಯ ತೂಕದ ಮೇಲೆ ಕಣ್ಣಿಡುತ್ತಾರೆ.

ಡೊರೊತಿ 1963ರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. 1938ರಲ್ಲಿ ಅವರು ವಿವರಿಸಿದ ಮಕ್ಕಳಲ್ಲಿ ಹೆಚ್ಚಿನವರು ಶಾಲೆಯ ಮೆಟ್ಟಿಲನ್ನೂ ಹತ್ತಲಿಲ್ಲ. ಇಂದು ಇದೇ ರೋಗದ ಅನೇಕರು ಓದಿ, ಕೆಲಸ ಹಿಡಿದು, ಸಂಸಾರ ನಡೆಸುತ್ತಿದ್ದಾರೆ. ಊಟದ ತಟ್ಟೆಯ ಪಕ್ಕದ ಆ ಗುಳಿಗೆಯನ್ನು ಮಾತ್ರ ಅವರು ಮರೆಯುವಂತಿಲ್ಲ.