‘ಆಕಾಶವಾಣಿ’ ಹೆಸರು ಟ್ಯಾಗೋರರು ಇಟ್ಟಿದ್ದೇ? ಮೈಸೂರಿನ ಪ್ರೊಫೆಸರ್ ಕಥೆ

ರೇಡಿಯೋಗೆ ‘ಆಕಾಶವಾಣಿ’ ಎಂದು ಹೆಸರಿಟ್ಟವರು ರವೀಂದ್ರನಾಥ ಟ್ಯಾಗೋರ್ ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಕಲ್ಕತ್ತಾ ಬಾನುಲಿಗಾಗಿ ಬರೆದ ಕವಿತೆಯಲ್ಲಿ ಅವರು ಈ ಪದ ಬಳಸಿದ್ದು 1938ರಲ್ಲಿ. ಆದರೆ 1935ರ ಸೆಪ್ಟೆಂಬರ್‌ನಲ್ಲೇ ಮೈಸೂರಿನ ಒಂದು ಮನೆಯಿಂದ ಇದೇ ಹೆಸರಿನಲ್ಲಿ ಪ್ರಸಾರ ಶುರುವಾಗಿತ್ತು!

ಆ ಮನೆ ಡಾ. ಎಂ.ವಿ. ಗೋಪಾಲಸ್ವಾಮಿ ಅವರದು. ಅವರು ಎಂಜಿನಿಯರ್ ಅಲ್ಲ, ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಬಳಿ ಸಂಶೋಧನೆ ಮಾಡಿ ಬಂದು, 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದವರು.

ಆಗ ರೇಡಿಯೋ ಎಂದರೆ ಇವತ್ತಿನ ಸ್ಮಾರ್ಟ್ ಸ್ಪೀಕರ್‌ನಂತೆ ಹೊಸ ಗ್ಯಾಜೆಟ್. ಕೊಂಡವರು ಮನೆಯಲ್ಲಿ ಕೂತು ಕೇಳುತ್ತಿದ್ದರು. ಗೋಪಾಲಸ್ವಾಮಿ ಮಾತ್ರ ಸ್ವಂತ ಹಣ ಹಾಕಿ ಊರಿಗೇ ಕೇಳಿಸಲು ಹೊರಟರು. ಅವರ ಮನೆ ‘ವಿಠ್ಠಲ ವಿಹಾರ’ದಲ್ಲಿದ್ದ ಮೊದಲ ಟ್ರಾನ್ಸ್‌ಮಿಟರ್‌ನ ಶಕ್ತಿ ಬರೀ 30 ವಾಟ್, ಹಳೆಯ 60 ವಾಟ್ ಬಲ್ಬಿನ ಅರ್ಧ. ಮುಂದೆ 250 ವಾಟ್‌ನದನ್ನು ತರಿಸಿದರು.

ಹಾಗಾದರೆ ಭಾರತದ ಮೊದಲ ರೇಡಿಯೋ ಇದೇನಾ? ಅಲ್ಲ. 1920ರ ದಶಕದಲ್ಲೇ ಬಾಂಬೆ, ಮದ್ರಾಸಿನ ರೇಡಿಯೋ ಕ್ಲಬ್‌ಗಳು ಪ್ರಸಾರ ಮಾಡಿದ್ದವು. ಮೈಸೂರಿನ ಹೆಗ್ಗಳಿಕೆ ಇರುವುದು ಹೆಸರಿನಲ್ಲಿ ಮತ್ತು ಒಬ್ಬ ಮೇಷ್ಟ್ರ ಹಟದಲ್ಲಿ.

1940ರ ದಶಕದ ಆರಂಭದಲ್ಲಿ ಕೇಂದ್ರವನ್ನು ಮೈಸೂರು ಸಂಸ್ಥಾನ ವಹಿಸಿಕೊಂಡಿತು. ಸ್ವಾತಂತ್ರ್ಯದ ನಂತರ ‘ಆಲ್ ಇಂಡಿಯಾ ರೇಡಿಯೋ’ ಕೂಡ ಆಕಾಶವಾಣಿಯಾಯಿತು. ಗೋಪಾಲಸ್ವಾಮಿ 1957ರಲ್ಲಿ ತೀರಿಕೊಂಡರು.

ಇನ್ನು ಮುಂದೆ ಟ್ಯಾಗೋರರ ಹೆಸರಿನ ಆ ಫಾರ್ವರ್ಡ್ ಬಂದರೆ, ನಾವು ನೆನಪಿಡಬೇಕಾದ್ದು ಎರಡೇ ಇಸವಿ: 1935 ಮತ್ತು 1938.